ಓದುಗರ ಪ್ರಶ್ನೆ: ಚಳಿಗೆ ಅಗ್ಗಿಷ್ಟಿಕೆ ಕಟ್ಟಿಸುವುದು ಹೇಗೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಚಳಿ ಕಾಯಿಸುವುದರ ಬಗ್ಗೆಯೇ ಇವೆ. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಬೆಂಕಿಯ ಪ್ರಶ್ನೆಗಳನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಸೋಮವಾರಪೇಟೆ ಹತ್ತಿರ ಹೊಸ ಮನೆ ಕಟ್ಟಿಸ್ತಾ ಇದ್ದೇವೆ ಸರ್. ಹಾಲ್ 12 ಅಡಿಗೆ 14 ಅಡಿ, ಎತ್ತರ 10 ಅಡಿ. ಡಿಸೆಂಬರ್ ಚಳಿಗೂ ಮಳೆಗಾಲದ ಥಂಡಿಗೂ ಗೋಡೆಯಲ್ಲೇ ಕಟ್ಟಿದ ಒಂದು ಅಗ್ಗಿಷ್ಟಿಕೆ ಇರಲಿ ಅಂತ ಅಪ್ಪನ ಆಸೆ. ಮೇಸ್ತ್ರಿ 4 ಅಡಿ ಅಗಲ, 3 ಅಡಿ ಆಳ ಮಾಡೋಣ, ದೊಡ್ಡ ದೊಡ್ಡ ಕೊಳ್ಳಿ ಇಡಬಹುದು ಅಂತಾರೆ. ಆದರೆ ಪಕ್ಕದ ಹಳೇ ಎಸ್ಟೇಟ್ ಬಂಗಲೆಯಲ್ಲಿ ಅಂಥದ್ದೇ ಇದೆ, ಅದರ ಮುಂದೆ ಕೂತರೆ ಮುಖ ಸುಡುತ್ತೆ, ಬೆನ್ನು ತಣ್ಣಗೇ ಇರುತ್ತೆ. ಹೀಗಾಗದ ಹಾಗೆ ಕಟ್ಟಿಸೋದು ಹೇಗೆ?

ಉತ್ತರ: ಮೇಸ್ತ್ರಿ ಹೇಳಿದ ಅಳತೆಗೆ ಮಾತ್ರ ಒಪ್ಪಬೇಡಿ. ಆ ಬಂಗಲೆಯಲ್ಲಿ ಬೆನ್ನು ತಣ್ಣಗಿರುವುದಕ್ಕೆ ಕಾರಣವೇ ಆ ದೊಡ್ಡ ಬಾಯಿ.

ಬಾಯಿ ತೆರೆದ ಒಲೆಯಲ್ಲಿ ಬಿಸಿಗಾಳಿ ಪೂರ್ತಿ ಹೊಗೆಗೂಡಿನಲ್ಲಿ ಮೇಲಕ್ಕೆ ಹೋಗಿಬಿಡುತ್ತೆ. ಅದು ನಿಮ್ಮ ಕೋಣೆಗೆ ಬರೋದೇ ಇಲ್ಲ. ನಿಮಗೆ ಸಿಗೋದು ಉರಿ, ಕೆಂಡ ಮತ್ತು ಕಾದ ಇಟ್ಟಿಗೆಯಿಂದ ನೇರವಾಗಿ ಹೊರಬರುವ ಝಳ ಮಾತ್ರ. ಮೂರು ಅಡಿ ಆಳದ ಗೂಡಿನ ಹಿಂದೆ ಬೆಂಕಿ ಹಾಕಿದರೆ ಆ ಝಳದ ಬಹುಪಾಲು ಅಕ್ಕಪಕ್ಕದ ಗೋಡೆಗೆ ಬಡಿದು ಅಲ್ಲೇ ಉಳಿಯುತ್ತೆ. ಇದು ಒಂದನೇ ನಷ್ಟ. ಎರಡನೆಯದು ಇನ್ನೂ ದೊಡ್ಡದು. ಒಂದು ಕೆ.ಜಿ. ಸೌದೆ ಉರಿಯೋದಕ್ಕೆ ಸುಮಾರು 5 ಘನ ಮೀಟರ್ ಗಾಳಿ ಸಾಕು, ಗಂಟೆಗೆ 2 ಕೆ.ಜಿ. ಉರಿಸಿದರೆ 10 ಘನ ಮೀಟರ್ ಆಯಿತು. ಆದರೆ ದೊಡ್ಡ ಬಾಯಿಯ ಒಲೆ ಗಂಟೆಗೆ 300 ಘನ ಮೀಟರ್ ಗಾಳಿಯನ್ನು ಸುಲಭವಾಗಿ ಎಳೆದುಕೊಂಡು ಹೋಗುತ್ತೆ. ನಿಮ್ಮ ಹಾಲಿನಲ್ಲಿ ಇರುವ ಗಾಳಿಯೇ ಸುಮಾರು 48 ಘನ ಮೀಟರ್. ಅಂದರೆ ಗಂಟೆಗೆ ಆರು ಸಲ ಇಡೀ ಹಾಲ್‌ನ ಗಾಳಿ ಖಾಲಿಯಾಗಿ, ಅಷ್ಟೇ ತಣ್ಣನೆ ಗಾಳಿ ಬಾಗಿಲ ಸಂದಿಯಿಂದ, ಕಿಟಕಿಯಿಂದ, ಹೆಂಚಿನ ಸಂದಿಯಿಂದ ಒಳಗೆ ನುಗ್ಗುತ್ತೆ, ಮತ್ತೆ ಒಲೆ ಕಡೆಗೆ ಹೋಗುವಾಗ ನೀವು ಕೂತಿರೋ ಕುರ್ಚಿಯ ಹಿಂದಿನಿಂದಲೇ ಹಾದು ಹೋಗುತ್ತೆ. ಬೆನ್ನು ಬೆಚ್ಚಗಾಗೋದು ಹೇಗೆ ಹೇಳಿ?

ಇದನ್ನು ಸರಿಯಾಗಿ ಯೋಚಿಸಿದವರು ಕೌಂಟ್ ರಮ್‌ಫೋರ್ಡ್. ಮೂಲ ಹೆಸರು ಬೆಂಜಮಿನ್ ಥಾಮ್ಸನ್, ಹುಟ್ಟಿದ್ದು 1753ರಲ್ಲಿ ಅಮೆರಿಕದಲ್ಲಿ. ಫಿರಂಗಿ ಕೊರೆಯುವಾಗ ಹುಟ್ಟುವ ಶಾಖವನ್ನು ಅಳೆದು, ಶಾಖ ಅನ್ನೋದು ಒಂದು ಬಗೆಯ ಚಲನೆ ಎಂದು ವಾದಿಸಿದ ವಿಜ್ಞಾನಿ ಇವರೇ. 1790ರ ದಶಕದಲ್ಲಿ ಲಂಡನ್ನಿನ ಮನೆಗಳ ಅಗ್ಗಿಷ್ಟಿಕೆಗಳನ್ನು ನೋಡಿ, ಅವುಗಳ ಒಳಗೆ ಇಟ್ಟಿಗೆ ಕಟ್ಟಿ ಚಿಕ್ಕದು ಮಾಡುತ್ತಾ ಹೋದರು. ಹೊಗೆಯೂ ನಿಂತಿತು, ಕೋಣೆಯೂ ಬೆಚ್ಚಗಾಯಿತು. ಇನ್ನೂರು ವರ್ಷ ಕಳೆದರೂ ತೆರೆದ ಒಲೆಗೆ ಅವರ ಲೆಕ್ಕಕ್ಕಿಂತ ಸರಳವಾದದ್ದು ನನಗೆ ಸಿಕ್ಕಿಲ್ಲ.

ನಿಮ್ಮ ಹಾಲಿಗೆ ಹೀಗೆ ಮಾಡಿಸಿ. ಬಾಯಿ 30 ಇಂಚು ಅಗಲ, 28 ಇಂಚು ಎತ್ತರ. ಹಿಂದಿನ ಗೋಡೆ ಬಾಯಿಯ ಮೂರನೇ ಒಂದು ಭಾಗ, ಅಂದರೆ 10 ಇಂಚು ಅಗಲ ಸಾಕು. ಆಳವೂ 10 ಇಂಚೇ. ಆಗ ಪಕ್ಕದ ಎರಡು ಗೋಡೆಗಳು ತಾವಾಗಿಯೇ 45 ಡಿಗ್ರಿ ಓರೆಯಾಗಿ ಬಾಯಿ ಕಡೆಗೆ ಅರಳಿಕೊಳ್ಳುತ್ತವೆ. ಈ ಓರೆ ಗೋಡೆಗಳು ಕಾದು ಝಳವನ್ನು ಕೋಣೆಗೆ ಎಸೆಯುತ್ತವೆ, ಇಡೀ ಒಲೆಯ ಜೀವ ಇರೋದು ಇಲ್ಲೇ. 10 ಇಂಚು ಆಳ ಅಂದ ಕೂಡಲೇ ಮೇಸ್ತ್ರಿ "ಹೊಗೆ ಹೊರಗೆ ಬರುತ್ತೆ" ಅಂತಾರೆ. ಬರಲ್ಲ, ಗಂಟಲು ಸರಿಯಾಗಿದ್ದರೆ.

ಗಂಟಲು ಅಂದರೆ ಬೆಂಕಿಗೂಡು ಮುಗಿದು ಹೊಗೆಗೂಡು ಶುರುವಾಗುವ ಸಂದಿ. ಅದು ಮುಂದಿನಿಂದ ಹಿಂದಕ್ಕೆ 4 ಇಂಚು ಇರಲಿ, ಅದಕ್ಕಿಂತ ಜಾಸ್ತಿ ಬೇಡ. ಲಿಂಟಲ್‌ಗಿಂತ, ಅಂದರೆ ಬಾಯಿಯ ಮೇಲಿನ ಅಡ್ಡತೊಲೆಗಿಂತ ಸುಮಾರು 8 ಇಂಚು ಮೇಲೆ ಬರಲಿ. ಲಿಂಟಲ್‌ನ ಒಳಮೈಯನ್ನು ಚೂಪು ಮೂಲೆಯಾಗಿ ಬಿಡದೆ ದುಂಡಗೆ, ನುಣ್ಣಗೆ ಗಾರೆ ಮಾಡಿಸಿ. ಹೊಗೆ ಆ ಬಾಗನ್ನು ಹಿಡಿದು ತಡವರಿಸದೆ ಮೇಲೆ ಹೋಗುತ್ತೆ. ಕೈ ಹಾಕಿ ಸವರಿ ನೋಡಿ, ಎಲ್ಲೂ ಅಂಚು ತಾಗಬಾರದು. ಗಂಟಲಿನ ಹಿಂದೆ ಒಂದು ಚಪ್ಪಟೆ ಹಲಗೆ ಥರದ ಮೆಟ್ಟಿಲು ಬಿಡಿಸಿ. ಕೊಡಗಿನ ಮಳೆಗೆ ಕೊಳವೆಯೊಳಗೆ ಇಳಿಯುವ ನಾಲ್ಕು ಹನಿ ನೀರು, ಉದುರುವ ಮಸಿ ಅಲ್ಲಿ ನಿಲ್ಲುತ್ತೆ.

ಹೊಗೆಗೂಡಿನ ಒಳಗಿನ ವಿಸ್ತಾರ ಬಾಯಿಯ ಹತ್ತನೇ ಒಂದು ಭಾಗ ಇರಬೇಕು. 30ಕ್ಕೆ 28 ಅಂದರೆ 840 ಚದರ ಇಂಚು, ಹತ್ತನೇ ಒಂದು 84. ಒಳಗೂಡು 9ಕ್ಕೆ 10 ಇಂಚು ಮಾಡಿಸಿದರೆ ಸರಿಹೋಗುತ್ತೆ. ಹೊರಗೋಡೆಗೆ ಅಂಟಿಸುವ ಬದಲು ಮನೆಯ ಒಳಗಿನ ಗೋಡೆಯಲ್ಲೇ ಮೇಲಕ್ಕೆ ಒಯ್ದರೆ ಗೂಡು ಬೆಚ್ಚಗಿರುತ್ತೆ, ಎಳೆತ ಚೆನ್ನಾಗಿರುತ್ತೆ. ಮೇಲೆ ಸೂರಿನಿಂದ 3 ಅಡಿ, ಮತ್ತು ಸುತ್ತ 10 ಅಡಿಯೊಳಗೆ ಇರುವ ಯಾವುದೇ ಛಾವಣಿಗಿಂತ 2 ಅಡಿ ಎತ್ತರ ಬರಲಿ. ಮರದ ಜಂತಿ, ಪಕಾಸು ಗೂಡಿಗೆ ತಾಗದ ಹಾಗೆ ನೋಡಿಕೊಳ್ಳಿ.

ಬೆಂಕಿ ತಾಗುವ ಜಾಗಕ್ಕೆ ಫೈರ್ ಬ್ರಿಕ್, ಅದರ ಜೊತೆ ಬೆಂಕಿ ಮಣ್ಣಿನ ಗಾರೆ. ಸಿಮೆಂಟ್ ಬಿಸಿಗೆ ಬಿರುಕು ಬಿಟ್ಟು ಉದುರುತ್ತೆ. ಚೆಂದಕ್ಕೆ ಅಂತ ಸೈಜುಗಲ್ಲು ಕಟ್ಟಿಸುವುದಿದ್ದರೆ ಹೊರಮೈಗೆ ಕಟ್ಟಿಸಿ, ಒಳಗೆ ಬೇಡ. ಗ್ರಾನೈಟ್ ಕಾದು ಚಕ್ಕೆ ಎದ್ದು ಸಿಡಿಯುತ್ತೆ. ಎದುರಿಗೆ ಮಕ್ಕಳು ಕೂತಿರ್ತಾರೆ, ಅಲ್ವಾ?

ಇನ್ನು ಗಾಳಿ. ನೆಲಕ್ಕೆ ಕಾಂಕ್ರೀಟ್ ಹಾಕೋ ಮೊದಲೇ ಹೊರಗೋಡೆಯಿಂದ ಒಲೆಯ ಮುಂಭಾಗದವರೆಗೆ 4 ಇಂಚಿನ ಒಂದು ಪೈಪ್ ಹೂಳಿಸಿ. ಒಲೆ ಕಡೆಯ ತುದಿ ಕಬ್ಬಿಣದ್ದಾಗಿರಲಿ. ಬೆಂಕಿಗೆ ಬೇಕಾದ ಗಾಳಿಯಲ್ಲಿ ಒಂದು ಪಾಲು ಅಲ್ಲಿಂದಲೇ ಬಂದರೆ ಬಾಗಿಲ ಸಂದಿಯಿಂದ ನುಗ್ಗುವ ತಣ್ಣನೆ ಗಾಳಿ ಅಷ್ಟು ಕಡಿಮೆಯಾಗುತ್ತೆ. ಹೊರಗಿನ ತುದಿಗೆ ಗಟ್ಟಿ ಜಾಲರಿ ಹಾಕಲೇಬೇಕು, ಇಲ್ಲದಿದ್ದರೆ ಇಲಿ ಬರುತ್ತೆ, ಇಲಿ ಹಿಂದೆ ಹಾವು ಬರುತ್ತೆ. ಒಳತುದಿಗೆ ಒಂದು ಮುಚ್ಚಳ. ಇದನ್ನು ಆಮೇಲೆ ಮಾಡಿಸೋಕೆ ಹೋದರೆ ನೆಲ ಒಡೆಯಬೇಕು, ಹಾಗಾಗಿ ಈಗಲೇ ಮರೆಯದೆ ಹೇಳಿ.

ಒಲೆಯೊಳಗೆ ಸೌದೆ ಇಡೋಕೆ ಕಬ್ಬಿಣದ ಜಾಲರಿ ಬೇಕಾ ಅಂತ ನೀವು ಕೇಳಿಲ್ಲ, ಆದರೆ ಅದೇ ಮುಖ್ಯ. ಕಲ್ಲಿದ್ದಲಿಗೆ ಕೆಳಗಿನಿಂದ ಗಾಳಿ ಬೇಕು, ಜಾಲರಿ ಇಲ್ಲದೆ ಆಗಲ್ಲ. ಸೌದೆಗೆ ಹಾಗಲ್ಲ, ಒಂದೆರಡು ಇಂಚು ಬೂದಿಯ ಹಾಸಿನ ಮೇಲೇ ಚೆನ್ನಾಗಿ ಉರಿಯುತ್ತೆ, ಕೆಂಡವೂ ಹೆಚ್ಚು ಹೊತ್ತು ಉಳಿಯುತ್ತೆ. ಅಂಗಡಿಯಲ್ಲಿ ಸಿಗುವ ತೊಟ್ಟಿಲಿನಂಥ ಜಾಲರಿಯಲ್ಲಿ ಸೌದೆ ರಾಶಿ ಹಾಕಿದರೆ ಬೇಗ ಉರಿದು ಮುಗಿಯುತ್ತೆ, ಕೆಂಡದ ಝಳ ರಾಶಿಯ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. 1970ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್‌ನ ಭೌತವಿಜ್ಞಾನಿ ಲಾರೆನ್ಸ್ ಕ್ರಾನ್‌ಬರ್ಗ್ ಇದಕ್ಕೊಂದು ಒಳ್ಳೆ ಉಪಾಯ ಕಂಡುಹಿಡಿದರು. ಹಿಂದೆ ಒಂದು ದಪ್ಪ ಕೊರಡು. ಮುಂದೆ ಕೆಳಗೆ ಸಣ್ಣ ಸೌದೆ. ಮೇಲೆ ಎರಡು ಕಬ್ಬಿಣದ ತೋಳುಗಳ ಮೇಲೆ ಇನ್ನೊಂದು ಕೊರಡು. ನಡುವೆ ಕೋಣೆ ಕಡೆಗೆ ಬಾಯಿ ತೆರೆದ ಒಂದು ಅಡ್ಡ ಸಂದಿ ಉಳಿಯುತ್ತೆ. ಆ ಸಂದಿಯ ಸುತ್ತ ಮರ ಕೆಂಡವಾದಾಗ ಒಂದು ಮೈಯ ಝಳ ಇನ್ನೊಂದನ್ನು ಕಾಯಿಸುತ್ತೆ, ಉಳಿದದ್ದು ಸಂದಿಯಿಂದ ನೇರವಾಗಿ ನಿಮ್ಮ ಕಡೆಗೆ ಬರುತ್ತೆ. ಇಂಥದ್ದನ್ನು ನಿಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ದಪ್ಪ ಸರಳಿನಿಂದ ಮಾಡಿಸಬಹುದು. ಅಳತೆ ಮಾತ್ರ ಒಲೆ ಕಟ್ಟಿ ಮುಗಿದ ಮೇಲೆ ಕೊಡಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಾತು ಹೇಳಲೇಬೇಕು. ಸಾಮಾನ್ಯ ತೆರೆದ ಒಲೆಯಲ್ಲಿ ಸೌದೆಯ ಶಾಖದ 10ರಿಂದ 20 ಪಾಲು ಮಾತ್ರ ಕೋಣೆಗೆ ಬರುತ್ತೆ, ನೂರಕ್ಕೆ. ಒಣ ಸೌದೆ ಕೆ.ಜಿ.ಗೆ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ, ಸುಮಾರು 4 ಯೂನಿಟ್ ಶಾಖ ಕೊಡುತ್ತೆ ಅಂತಿಟ್ಟುಕೊಳ್ಳಿ. ಗಂಟೆಗೆ 2 ಕೆ.ಜಿ. ಸುಟ್ಟರೆ 8 ಯೂನಿಟ್, ನಿಮಗೆ ದಕ್ಕೋದು ಒಂದು ಯೂನಿಟ್ ಚಿಲ್ಲರೆ. ಒಂದು ಸಣ್ಣ ಕರೆಂಟ್ ಹೀಟರ್‌ನಷ್ಟು. ಮೇಲಿನ ಅಳತೆಯಲ್ಲಿ ಕಟ್ಟಿದರೆ ಇದು ಜಾಸ್ತಿಯಾಗುತ್ತೆ, ಆದರೆ ಬಾಗಿಲು ಮುಚ್ಚುವ ಕಬ್ಬಿಣದ ಒಲೆಗೆ ಸಮ ಆಗಲ್ಲ. ಕಾಶ್ಮೀರದ ಬುಖಾರಿ, ಹಿಮಾಚಲದ ತಂದೂರ್ (ರೊಟ್ಟಿ ಸುಡುವ ತಂದೂರ್ ಅಲ್ಲ, ಕೋಣೆ ಕಾಯಿಸುವುದು) ಎಲ್ಲ ಮುಚ್ಚಿದ ಒಲೆಗಳೇ, ಅಲ್ಲಿನ ಚಳಿಗೆ ತೆರೆದ ಒಲೆ ಸಾಲದು. ಅಪ್ಪನಿಗೆ ಸಂಜೆ ಎರಡು ಗಂಟೆ ಬೆಂಕಿ ಎದುರು ಕೂರುವ ಆಸೆ ಇದ್ದರೆ ಅಗ್ಗಿಷ್ಟಿಕೆ ಕಟ್ಟಿಸಿ. ರಾತ್ರಿಯಿಡೀ ಮನೆ ಬೆಚ್ಚಗಿರಬೇಕು ಅಂದರೆ ಮುಚ್ಚಿದ ಒಲೆಯೇ ಸರಿ.

ಪ್ರಶ್ನೆ: ಮೂಡಿಗೆರೆ ಹತ್ತಿರ ಹೋಮ್‌ಸ್ಟೇ ನಡೆಸ್ತೀವಿ. ಅಗ್ಗಿಷ್ಟಿಕೆ ಹಚ್ಚಿದರೆ ಹೊಗೆಯೆಲ್ಲ ಹಾಲಿಗೇ ಬರುತ್ತೆ. ಗೂಡು ಒಡೆದು ಬೇರೆ ಕಟ್ಟಬೇಕಾ?

ಉತ್ತರ: ಒಡೆಯೋ ಮೊದಲು ಇಷ್ಟು ನೋಡಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಆರಿಸಿ, ಒಂದು ಕಿಟಕಿ ಸ್ವಲ್ಪ ತೆರೆಯಿರಿ. ಹೊಗೆ ನಿಂತರೆ ನಿಮ್ಮ ಗೂಡು ಸರಿಯಾಗೇ ಇದೆ, ಗಾಳಿ ಸಾಲುತ್ತಿಲ್ಲ ಅಷ್ಟೆ. ಫ್ಯಾನ್ ಗಾಳಿ ಹೊರಗೆ ತಳ್ಳಿದಷ್ಟೂ ಹೊಗೆಗೂಡಿನಿಂದ ಗಾಳಿ ಕೆಳಕ್ಕೆ ಬರುತ್ತೆ. ಹಚ್ಚಿದ ಮೊದಲ ಹತ್ತು ನಿಮಿಷ ಮಾತ್ರ ಹೊಗೆ ಬರುತ್ತೆ ಅಂದರೆ ಗೂಡು ತಣ್ಣಗಿದೆ ಅಂತ ಅರ್ಥ. ಒಂದು ಹಾಳೆ ಪೇಪರ್ ಸುರುಳಿ ಸುತ್ತಿ, ಹಚ್ಚಿ, ಗಂಟಲಿನ ಹತ್ತಿರ ಹಿಡಿದು ಗೂಡನ್ನು ಕಾಯಿಸಿ, ಆಮೇಲೆ ಸೌದೆ ಹಚ್ಚಿ.

ಯಾವಾಗಲೂ ಹೊಗೆ ಬರುತ್ತೆ ಅಂದರೆ ಬಾಯಿ ಅತಿ ದೊಡ್ಡದಾಗಿರೋ ಸಾಧ್ಯತೆ ಹೆಚ್ಚು. ಒಂದು ಅಗಲದ ತಗಡು ತಗೊಂಡು, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು, ಬಾಯಿಯ ಮೇಲ್ಭಾಗಕ್ಕೆ ಅಡ್ಡ ಹಿಡಿಯಿರಿ. ಒಂದೊಂದೇ ಇಂಚು ಕೆಳಗಿಳಿಸಿ. ಹೊಗೆ ಎಲ್ಲಿ ನಿಲ್ಲುತ್ತೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಷ್ಟು ಎತ್ತರಕ್ಕೆ ತಾಮ್ರದ್ದೋ ಕಬ್ಬಿಣದ್ದೋ ಪಟ್ಟಿ ಕೂರಿಸಿಬಿಡಿ. ಗೂಡಿನ ಮೇಲೆ ಹಕ್ಕಿ ಗೂಡು ಕಟ್ಟಿದೆಯಾ, ಪಕ್ಕದ ಸಿಲ್ವರ್ ಓಕ್ ಬೆಳೆದು ಹೊಗೆಗೂಡನ್ನು ಮೀರಿದೆಯಾ ಅಂತಲೂ ನೋಡಿ. ಎತ್ತರದ ಮರಕ್ಕೆ ಬಡಿದ ಗಾಳಿ ಹೊಗೆಯನ್ನು ಕೆಳಕ್ಕೆ ತಳ್ಳುತ್ತೆ.

ಪ್ರಶ್ನೆ: ಮಗಳು ಬಾಣಂತಿ. ಕೋಣೆಯ ಕಿಟಕಿ ಬಾಗಿಲು ಮುಚ್ಚಿ ರಾತ್ರಿ ಕೈಯಲ್ಲಿ ಎತ್ತಿಡುವಂಥ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಇಡ್ತೀವಿ. ಹೊಗೆ ಬರಲ್ಲ. ಅಳಿಯ ಬೇಡ ಅಂತಾರೆ. ನಮ್ಮಮ್ಮನ ಕಾಲದಿಂದಲೂ ಮಾಡ್ತಾ ಬಂದಿದ್ದೇವೆ. ತಪ್ಪಾ?

ಉತ್ತರ: ಅಮ್ಮಾ, ಇವತ್ತೇ ನಿಲ್ಲಿಸಿ. ನಿಮ್ಮ ಅಳಿಯ ಹೇಳ್ತಿರೋದು ಸರಿ. ಹೊಗೆ ಇಲ್ಲ ಅನ್ನೋದೇ ಇಲ್ಲಿ ಮೋಸ. ಇದ್ದಿಲ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಬರುತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಉಸಿರ ಗಾಳಿ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತೆ. ತಲೆನೋವು, ವಾಂತಿ ಬಂದ ಹಾಗೆ, ಮಂಪರು. ನಿದ್ದೆಯಲ್ಲಿ ಇದ್ದವರಿಗೆ ಗೊತ್ತೇ ಆಗಲ್ಲ, ಎಚ್ಚರವೂ ಆಗಲ್ಲ. ನಿಮ್ಮಮ್ಮನ ಕಾಲದ ಮನೆಯಲ್ಲಿ ಹೆಂಚಿನ ಸಂದಿಯಿಂದ, ಬೆಳಕಿಂಡಿಯಿಂದ ಗಾಳಿ ಆಡ್ತಾ ಇತ್ತು. ಆರ್‌ಸಿಸಿ ಮನೆ, ಗಾಜಿನ ಕಿಟಕಿಯಲ್ಲಿ ಅದು ಇಲ್ಲ. ಹೊಗೆಗೂಡು ಇಲ್ಲದ ಕೋಣೆಯಲ್ಲಿ ಕೆಂಡ ಇಟ್ಟು ಯಾರೂ ಮಲಗಬಾರದು. ಮಲಗೋ ಮೊದಲು ಬಿಸಿನೀರಿನ ಚೀಲದಿಂದ ಹಾಸಿಗೆ ಬೆಚ್ಚಗೆ ಮಾಡಿ, ಮಗುವನ್ನು ಮಲಗಿಸುವಾಗ ಚೀಲ ತೆಗೆದುಬಿಡಿ. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಹೊರಗಿನ ಗಾಳಿಗೆ ಕರೆತನ್ನಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಸ್ತ್ರ ಒಲೆಯನ್ನೇ ಕೋಣೆ ಬಿಸಿ ಮಾಡೋಕೆ ಬಳಸಬಹುದಾ?

ಉತ್ತರ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗದವರು ಅದನ್ನು ಮಾಡಿದ್ದು ಅಡುಗೆಗೆ. ಶಾಖವೆಲ್ಲ ಪಾತ್ರೆಯ ತಳಕ್ಕೇ ತಾಗಲಿ ಅಂತ ಸುತ್ತ ಮುಚ್ಚಿದ್ದಾರೆ. ಕೋಣೆಗೆ ಬರೋದು ಕಡಿಮೆ, ಹಾಗೆ ಕಡಿಮೆ ಬರಬೇಕು ಅನ್ನೋದೇ ಅದರ ಉದ್ದೇಶ. ಅಡುಗೆಗೆ ಬಳಸಿ, ಚಳಿಗೆ ಬೇರೆ ಒಲೆ ನೋಡಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಹಳೇ ಮನೆ ಕೊಂಡಿದ್ದೇವೆ. ಬೀಡುಕಬ್ಬಿಣದ ಸಣ್ಣ ಅಗ್ಗಿಷ್ಟಿಕೆ ಇದೆ. ಸೌದೆ ಹಾಕಬಹುದಾ?

ಉತ್ತರ: ಅದು ಕಲ್ಲಿದ್ದಲಿಗೆ ಅಂತ ಮಾಡಿದ ಜಾಲರಿ. ಮೊದಲು ನಿಮ್ಮ ಮನೆ ಹೊಗೆ ನಿಯಂತ್ರಣ ಪ್ರದೇಶದಲ್ಲಿದೆಯಾ ಅಂತ ಸ್ಥಳೀಯ ಕೌನ್ಸಿಲ್‌ನಲ್ಲಿ ಕೇಳಿ. ಇದ್ದರೆ ತೆರೆದ ಒಲೆಯಲ್ಲಿ ಸೌದೆ ಸುಡುವ ಹಾಗಿಲ್ಲ, ಒಪ್ಪಿಗೆ ಪಡೆದ ಹೊಗೆರಹಿತ ಇಂಧನ ಮಾತ್ರ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಹೊಗೆಮಂಜು ಕವಿದು ಸಾವಿರಾರು ಜನ ಸತ್ತ ಮೇಲೆ 1956ರಲ್ಲಿ ಬಂದ ಕಾನೂನಿನಿಂದ ಶುರುವಾದ ನಿಯಮ ಅದು. ಹಚ್ಚೋ ಮೊದಲು ಹೊಗೆಗೂಡು ಗುಡಿಸುವವರನ್ನು ಕರೆಸಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ.

ಪ್ರಶ್ನೆ: ಯಾವ ಸೌದೆ ಒಳ್ಳೇದು? ತೋಟದಲ್ಲಿ ಸಿಲ್ವರ್ ಓಕ್, ಕಿತ್ತ ಕಾಫಿ ಗಿಡ ಎರಡೂ ಇವೆ.

ಉತ್ತರ: ಹಚ್ಚೋಕೆ ಸಿಲ್ವರ್ ಓಕ್ ಚಕ್ಕೆ, ಕೆಂಡಕ್ಕೆ ಕಾಫಿ ಬೊಡ್ಡೆ. ಕಾಫಿ ಕಟ್ಟಿಗೆ ಗಟ್ಟಿ, ನಿಧಾನಕ್ಕೆ ಉರಿಯುತ್ತೆ. ಸರ್ವೆ ಸಿಕ್ಕರೆ ಅದೂ ಒಳ್ಳೇದು. ಜಾತಿಗಿಂತ ಒಣಗಿದೆಯಾ ಅನ್ನೋದು ಮುಖ್ಯ. ಆಗಷ್ಟೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತೆ. ಅದನ್ನು ಆವಿ ಮಾಡುವುದರಲ್ಲೇ ಬೆಂಕಿ ಸೋಲುತ್ತೆ, ಉರಿ ತಣ್ಣಗಾಗಿ ಹೊಗೆಗೂಡಿನ ಒಳಗೆ ಡಾಂಬರಿನಂಥ ಮಸಿ ಕಟ್ಟುತ್ತೆ. ಆ ಮಸಿಗೆ ಕಿಡಿ ತಾಗಿದರೆ ಗೂಡೇ ಹೊತ್ತಿ ಉರಿಯುತ್ತೆ, ವರ್ಷಕ್ಕೊಮ್ಮೆ ಗುಡಿಸಲೇಬೇಕು. ಜನವರಿ, ಫೆಬ್ರವರಿಯಲ್ಲಿ ಸೀಳಿ, ಬಿಸಿಲಿಗೆ ಹಾಕಿ, ಜೂನ್ ಮಳೆ ಹಿಡಿಯೋ ಮೊದಲು ಗಾಳಿಯಾಡುವ ಮಾಡಿನ ಕೆಳಗೆ ನೆಲಕ್ಕೆ ತಾಗದ ಹಾಗೆ ಪೇರಿಸಿ. ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿದು ನೋಡಿ. ಟಣ್ ಅಂದರೆ ಒಣಗಿದೆ, ದಬ್ ಅಂದರೆ ಇನ್ನೂ ಒಣಗೋಕೆ ಬಿಡಿ.