ಟ್ಯೂಷನ್ನಿಗೆ ಎಂ.ಎಸ್ಸಿ. ಆದವರೇ ಬೇಕಾ?

ಮೇಡಂ, ಎಂಟನೇ ಕ್ಲಾಸಿನ ಮಗನ ಗಣಿತಕ್ಕೆ ತೀರ್ಥಹಳ್ಳಿಯಲ್ಲಿ ಮನೆಪಾಠದವರನ್ನು ಹುಡುಕುತ್ತಿದ್ದೀರಿ, ಎಂ.ಎಸ್ಸಿ. ಆದವರೇ ಬೇಕಾ ಎಂದು ಕೇಳಿದ್ದೀರಿ. ನಾನೂ ಸಾಗರದಲ್ಲಿ ಇದೇ ಕೆಲಸ ಮಾಡುವವನು. ಬೇಕಿಲ್ಲ. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ್ದರೆ ಧಾರಾಳವಾಯಿತು. ಆದರೆ ಈಗ ಶಾಲೆಯಲ್ಲಿ ಕೆಲಸದಲ್ಲಿರುವ ಶಿಕ್ಷಕರನ್ನು ಕೇಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಅವರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ನಿವೃತ್ತರನ್ನು ವಿಚಾರಿಸಿ.

ಡಿಗ್ರಿಗಿಂತ ಜಾಸ್ತಿ ನೋಡಬೇಕಾದದ್ದು, ಮಗ ತಪ್ಪು ಮಾಡಿದಾಗ ಅವರು ಏನು ಮಾಡುತ್ತಾರೆ ಅನ್ನುವುದನ್ನು. ಒಂದು ದಿನ ಪಾಠಕ್ಕೆ ಕೂರಿಸಿ ನೋಡಿ. 1/2 ಮತ್ತು 1/3 ಕೂಡಿಸು ಅಂದರೆ ಎಷ್ಟೋ ಮಕ್ಕಳು 2/5 ಬರೆಯುತ್ತಾರೆ. ಮೇಲಿನದ್ದನ್ನು ಮೇಲೆ, ಕೆಳಗಿನದ್ದನ್ನು ಕೆಳಗೆ ಕೂಡಿಸಿರುತ್ತಾರೆ. ಸುಮ್ನೆ ಕೆಂಪು ಗೀಟು ಎಳೆದು 5/6 ಅಂತ ಬರೆದುಕೊಟ್ಟರೆ ಪ್ರಯೋಜನವಿಲ್ಲ. ‘ಹೇಗೆ ಮಾಡಿದೆ, ಹೇಳು’ ಅಂತ ಕೇಳಬೇಕು. 2/5 ಅರ್ಧಕ್ಕಿಂತ ಕಡಿಮೆ ಅಲ್ವಾ, ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಕಡಿಮೆ ಆಗುತ್ತದಾ ಅಂತ ಹುಡುಗನೇ ಯೋಚಿಸಬೇಕು. ಅಲ್ಲಿಯವರೆಗೆ ಕಾಯುವ ತಾಳ್ಮೆ ಇರುವವರು ಸಿಕ್ಕರೆ ಖಂಡಿತ ಬಿಡಬೇಡಿ.

ಏಳನೆಯವರೆಗೆ ಕನ್ನಡ ಮಾಧ್ಯಮ, ಈಗ ಇಂಗ್ಲಿಷ್ ಅಂದಿದ್ದೀರಿ. ಪಾಠ ಕನ್ನಡದಲ್ಲೇ ನಡೆಯಲಿ. ವಿಷಯ ತಿಳಿದರೆ ಇಂಗ್ಲಿಷ್ ಹೆಸರುಗಳು ಬೇಗ ಬರುತ್ತವೆ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎರಡೂ ಮಾಧ್ಯಮದ ಪುಸ್ತಕ ಉಚಿತವಾಗಿ ಸಿಗುತ್ತದೆ, ಪಕ್ಕಪಕ್ಕ ಇಟ್ಟುಕೊಳ್ಳಲಿ.

ಹಾಂ, ಜುಲೈ ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಟ್ಯೂಷನ್ ಇದೆಯೋ ಇಲ್ಲವೋ ಅಂತ ಮೊದಲೇ ಮಾತಾಡಿಕೊಳ್ಳಿ.