ಓದುಗರ ಪ್ರಶ್ನೆ – ನಮ್ಮ ಉತ್ತರ: ತಂತಿಯ ಮೇಲೆ ಹಾರಿದ ಕ್ಯಾಪ್ಟನ್ ಮಾರ್ವೆಲ್

ಪ್ರಶ್ನೆ: 1941ರ ‘ಅಡ್ವೆಂಚರ್ಸ್ ಆಫ್ ಕ್ಯಾಪ್ಟನ್ ಮಾರ್ವೆಲ್’ ಎಂಬ ಹಳೆಯ ಕಂತು ಚಿತ್ರವನ್ನು ನಮ್ಮ ದೊಡ್ಡಪ್ಪ ಈಚೆಗೆ ನನಗೆ ತೋರಿಸಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ನಾಯಕ ಅಷ್ಟು ಸಹಜವಾಗಿ ಆಕಾಶದಲ್ಲಿ ಹಾರುವುದನ್ನು ಹೇಗೆ ಚಿತ್ರೀಕರಿಸಿದರು? ಮನುಷ್ಯನನ್ನೇ ಹಗ್ಗಕ್ಕೆ ಕಟ್ಟಿ ಎಳೆದರೇ?
– ಓದುಗರೊಬ್ಬರು, ಪೆರ್ಲ

ಉತ್ತರ: ದೂರದಿಂದ ಕಾಣುವ ಹಾರಾಟದ ದೃಶ್ಯಗಳಲ್ಲಿ ನೀವು ನೋಡಿದ್ದು ಮನುಷ್ಯನನ್ನಲ್ಲ, ಬೊಂಬೆಯನ್ನು. ಹಾಲಿವುಡ್‌ನ ರಿಪಬ್ಲಿಕ್ ಪಿಕ್ಚರ್ಸ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಹೋವರ್ಡ್ ಲೈಡೆಕರ್ ಮತ್ತು ಥಿಯೊಡೋರ್ ಲೈಡೆಕರ್ ಎಂಬ ಅಣ್ಣತಮ್ಮಂದಿರು ಕಾಗದದ ಮುದ್ದೆಯಿಂದ ಸುಮಾರು ಏಳು ಅಡಿ ಉದ್ದದ ಒಂದು ಆಳನ್ನು ಮಾಡಿ, ಅದಕ್ಕೆ ತೆಳುಬಟ್ಟೆಯ ಉಡುಪು ತೊಡಿಸಿದರು. ಅದರ ತೂಕ ಏಳು ಕಿಲೋ ಆಸುಪಾಸಿನಲ್ಲಿತ್ತು. ಭುಜಗಳಲ್ಲಿಯೂ ಮೀನಖಂಡಗಳಲ್ಲಿಯೂ ಸಣ್ಣ ರಾಟೆಗಳನ್ನು ಅಡಗಿಸಿ, ಎತ್ತರದ ಒಂದು ಜಾಗದಿಂದ ತಗ್ಗಿನ ಇನ್ನೊಂದು ಜಾಗಕ್ಕೆ ಎಳೆದು ಕಟ್ಟಿದ ಸಪೂರ ತಂತಿಗಳ ಮೇಲೆ ಅದನ್ನು ಬಿಟ್ಟಾಗ, ಅದು ತನ್ನ ಭಾರದಿಂದಲೇ ಜಾರಿ ಬರುತ್ತಿತ್ತು. ಬೆನ್ನು ಬಿಲ್ಲಿನಂತೆ ಬಾಗಿದೆ, ಗಲ್ಲ ಮೇಲೆ, ಎರಡೂ ಕೈ ಮುಂದಕ್ಕೆ ಚಾಚಿವೆ. ಆ ಭಂಗಿಯಲ್ಲಿ ಅದು ನಿಜವಾದ ಬಿಸಿಲಿನಲ್ಲಿ, ನಿಜವಾದ ಬಯಲಿನ ಮೇಲೆ ಸಾಗುವುದರಿಂದಲೇ ನಮ್ಮ ಕಣ್ಣು ಅದನ್ನು ನಂಬುತ್ತದೆ.

ಯಕ್ಷಗಾನ ಬೊಂಬೆಯಾಟವನ್ನು ನೋಡಿ ಬೆಳೆದ ನಮ್ಮ ಕಾಸರಗೋಡಿನವರಿಗೆ ಈ ಕೆಲಸದ ಕಷ್ಟ ಬೇಗ ಅರ್ಥವಾಗುತ್ತದೆ. ಅಲ್ಲಿ ಸೂತ್ರ ಹಿಡಿದವರ ಬೆರಳು ಕ್ಷಣಕ್ಷಣಕ್ಕೂ ಬೊಂಬೆಯನ್ನು ತಿದ್ದುತ್ತಿರುತ್ತದೆ. ಭಾಗವತರ ಪದಕ್ಕೆ ತಕ್ಕಂತೆ ಹೆಜ್ಜೆಯನ್ನು ಅಲ್ಲಿಯೇ ಬದಲಿಸಬಹುದು. ಲೈಡೆಕರ್ ಸಹೋದರರ ಬೊಂಬೆಗೆ ಆ ಬೆರಳಿನ ಆಸರೆ ಇರಲಿಲ್ಲ. ಒಮ್ಮೆ ಕೈಬಿಟ್ಟ ಮೇಲೆ ತಿದ್ದಲಾಗದ ಕಾರಣ ತಂತಿಯ ಇಳಿಜಾರು, ಬಿಗಿ, ಬೊಂಬೆಯ ತೂಕ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿಡಬೇಕಾಗಿತ್ತು. ಇನ್ನೂ ಚಂದದ ಸಂಗತಿಯೆಂದರೆ ಮೇಲಕ್ಕೆ ಹಾರುವ ದೃಶ್ಯ. ಭಾರದಿಂದ ಚಲಿಸುವ ವಸ್ತು ಮೇಲಕ್ಕೆ ಹೋಗಲಾರದು. ಆದ್ದರಿಂದ ಬೊಂಬೆಯನ್ನು ಕಾಲು ಮುಂದಾಗಿ ಹಿಮ್ಮುಖವಾಗಿ ಕೆಳಕ್ಕೆ ಜಾರಿಸಿ, ಆ ಫಿಲ್ಮನ್ನು ತಿರುಗುಮುರುಗಾಗಿ ಓಡಿಸಿದರು. ಹಾಗೆ ಮಾಡುವಾಗ ಗಾಳಿಗೆ ಬೆನ್ನಿನ ಮೇಲ್ವಸ್ತ್ರ ತಲೆಯ ಕಡೆಗೆ ಹಾರಿದರೆ ಗುಟ್ಟು ಬಯಲಾಗುತ್ತದೆಯೆಂದು ಅದಕ್ಕೂ ಭಾರ ಕೊಟ್ಟು ಹಿಡಿದಿಟ್ಟರು. ಇದೇ ಸಂಸ್ಥೆ 1936ರ ‘ಡಾರ್ಕೆಸ್ಟ್ ಆಫ್ರಿಕಾ’ದಲ್ಲಿ ರೆಕ್ಕೆಯ ಮನುಷ್ಯರನ್ನು ಹಾರಿಸಲು ತಂತಿಯ ವಿದ್ಯೆಯನ್ನು ಬಳಸಿತ್ತು, ಅದು ಪಕ್ವವಾದದ್ದು ಇಲ್ಲಿ.

ಆದರೆ ಬೊಂಬೆಯೊಂದರಿಂದಲೇ ಹಾರಾಟ ಪೂರ್ತಿಯಾಗುವುದಿಲ್ಲ. ನೆಲದಿಂದ ಚಿಮ್ಮುವುದು, ಎತ್ತರದಿಂದ ಬಂದು ಇಳಿಯುವುದು ಡೇವಿಡ್ ಶಾರ್ಪ್ ಎಂಬ ಸಾಹಸ ಕಲಾವಿದನ ಕೆಲಸ. ನಾಯಕ ಟಾಮ್ ಟೈಲರ್ ಭಾರ ಎತ್ತುವುದರಲ್ಲಿ ಹೆಸರು ಮಾಡಿದ ಕಟ್ಟುಮಸ್ತಾದ ಆಳು. ಶಾರ್ಪ್ ಅವನಿಗಿಂತ ಕುಳ್ಳ, ಆದರೆ ಹಗುರವಾಗಿ ನೆಗೆಯಬಲ್ಲವನು. ಟೈಲರ್ ನಿಂತಿರುತ್ತಾನೆ, ಶಾರ್ಪ್ ಚಿಮ್ಮುತ್ತಾನೆ, ಬೊಂಬೆ ಸಾಗುತ್ತದೆ, ಮತ್ತೆ ಶಾರ್ಪ್ ಇಳಿಯುತ್ತಾನೆ: ಈ ಮೂರು ದೇಹಗಳು ಒಂದೇ ದೇಹವಾಗುವುದು ಸಂಕಲನದಲ್ಲಿ. ಪೋಸ್ಟರಿನಲ್ಲಿ ದೊಡ್ಡದಾಗಿ ಬರುವ ಹೆಸರುಗಳಿಗಿಂತ ಶಾರ್ಪ್ ಮತ್ತು ಲೈಡೆಕರ್ ಸಹೋದರರ ಹೆಸರುಗಳನ್ನೇ ನಾವು ಮೊದಲು ನೆನೆಯಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಹನ್ನೆರಡು ಕಂತುಗಳ, ಮೂರೂವರೆ ಗಂಟೆಗೂ ಮಿಕ್ಕಿದ ಈ ಚಿತ್ರವನ್ನು ನಿರ್ದೇಶಕರಾದ ವಿಲಿಯಂ ವಿಟ್ನಿ ಮತ್ತು ಜಾನ್ ಇಂಗ್ಲಿಷ್ ಆರು ವಾರಕ್ಕೂ ಕಡಿಮೆ ಅವಧಿಯಲ್ಲಿ, ಸುಮಾರು 1,45,000 ಡಾಲರ್ ವೆಚ್ಚದಲ್ಲಿ ಮುಗಿಸಿದರು ಎಂಬುದನ್ನು ಗಮನಿಸಿದರೆ ಆ ಕೈಗಳ ಬೆಲೆ ತಿಳಿಯುತ್ತದೆ. ಏಳು ವರ್ಷಗಳ ಬಳಿಕ, 1948ರಲ್ಲಿ, ಕೊಲಂಬಿಯಾ ಸಂಸ್ಥೆ ‘ಸೂಪರ್‌ಮ್ಯಾನ್’ ಕಂತು ಚಿತ್ರವನ್ನು ತೆಗೆದಾಗ ನಾಯಕ ಹಾರಲು ತೊಡಗುತ್ತಲೇ ಕಾರ್ಟೂನ್ ಚಿತ್ರವಾಗಿ ಬದಲಾಗುತ್ತಾನೆ. ಎರಡನ್ನೂ ಒಂದೇ ದಿನ ನೋಡಿ. ಬೊಂಬೆಯ ಹಾರಾಟ ಎಷ್ಟು ಮೇಲು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಸಾಹಸ ಚಿತ್ರಗಳು ಆಗ ಬಂದಿದ್ದವೇ?
– ಓದುಗರೊಬ್ಬರು, ಹೊಸಂಗಡಿ

ಉತ್ತರ: ಬಂದಿದ್ದವು. ಮುಂಬಯಿಯ ವಾಡಿಯಾ ಮೂವಿಟೋನ್ 1935ರಲ್ಲಿ ತಯಾರಿಸಿದ, ಹೋಮಿ ವಾಡಿಯಾ ನಿರ್ದೇಶಿಸಿದ ‘ಹಂಟರ್‌ವಾಲಿ’ ಕಂತುಗಳ ಚಿತ್ರವಲ್ಲವಾದರೂ ಅದರ ಮುಖವಾಡ, ಚಾಟಿ, ಕುದುರೆ ಸವಾರಿ, ಮಾಳಿಗೆಯಿಂದ ಮಾಳಿಗೆಗೆ ನೆಗೆತಗಳಲ್ಲಿ ಅಮೆರಿಕದ ಕಂತು ಚಿತ್ರಗಳ ರುಚಿ ಚೆನ್ನಾಗಿ ಇಳಿದಿದೆ. ಅದರ ನಾಯಕಿ, ಆಸ್ಟ್ರೇಲಿಯಾದಲ್ಲಿ ಹುಟ್ಟಿದ ನಾದಿಯಾ ತನ್ನ ಸಾಹಸಗಳನ್ನು ತಾನೇ ಮಾಡುತ್ತಿದ್ದಳು.

ಪ್ರಶ್ನೆ: ಪ್ರತಿಯೊಂದು ಕಂತು ಯಾರೋ ಸಾಯುವ ಹೊತ್ತಿಗೆ ನಿಲ್ಲುವುದು ಏಕೆ? ಯಾವ ಗುಂಡೂ ತಾಗದ ನಾಯಕನಿಗೆ ಅಪಾಯವಾದರೂ ಏನು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಕಂತುಗಳು ವಾರಕ್ಕೊಂದರಂತೆ ಬರುತ್ತಿದ್ದವು, ಮುಂದಿನ ವಾರವೂ ಮಕ್ಕಳು ಅದೇ ಟಾಕೀಸಿಗೆ ಕಾಸು ಹಿಡಿದು ಬರಬೇಕಾಗಿತ್ತು. ಮೊದಲ ಕಂತು ಅರ್ಧ ಗಂಟೆಯದು, ಉಳಿದವು ಹದಿನಾರು ಹದಿನೇಳು ನಿಮಿಷದವು. ನಿಮ್ಮ ಎರಡನೆಯ ಮಾತು ಬಹಳ ಸೂಕ್ಷ್ಮವಾದದ್ದು, ಏಕೆಂದರೆ ಕಥೆ ಬರೆದವರನ್ನು ಕಾಡಿದ ತೊಡಕೂ ಅದೇ. ಕ್ಯಾಪ್ಟನ್ ಮಾರ್ವೆಲ್‌ಗೆ ಸಾವಿನ ಭಯವಿಲ್ಲದ ಕಾರಣ ಅವರು ಅಪಾಯವನ್ನು ಬಿಲ್ಲಿ ಬ್ಯಾಟ್ಸನ್ ಎಂಬ ಹುಡುಗನ ಮೇಲೆಯೂ ಅವನ ಗೆಳತಿ ಬೆಟ್ಟಿಯ ಮೇಲೆಯೂ ತಂದರು. ‘ಶಜಾಮ್’ ಎಂಬ ಒಂದು ಮಾತು ನುಡಿದರೆ ಹೊಗೆಯೆದ್ದು ಬಿಲ್ಲಿ ವೀರನಾಗುತ್ತಾನೆ. ಆ ಮಾತು ಆಡಲಾಗದಿದ್ದರೆ ಅವನು ಬರಿಯ ಹುಡುಗ. ಆದ್ದರಿಂದ ಈ ಚಿತ್ರದ ಕುತೂಹಲವೆಲ್ಲ ಅವನ ಬಾಯಿಯಲ್ಲಿದೆ. ಕೊನೆಯ ಕಂತಿನಲ್ಲಿ ಸ್ಕಾರ್ಪಿಯನ್ ಎಂಬ ಮುಸುಕಿನ ಖಳನು ಬಿಲ್ಲಿಯನ್ನು ಬಾಯಿಗೆ ಬಟ್ಟೆ ಬಿಗಿದು ಕೂರಿಸಿರುತ್ತಾನೆ, ಕ್ಯಾಪ್ಟನ್ ಮಾರ್ವೆಲ್‌ನ ಗುಟ್ಟು ಹೇಳೆಂದು ಗದರಿಸುತ್ತಾನೆ. ಬಿಲ್ಲಿ ಹೇಳುವೆನೆಂದು ತಲೆಯಾಡಿಸುತ್ತಾನೆ. ಬಾಯಿಯ ಬಟ್ಟೆ ಬಿಚ್ಚುತ್ತಾರೆ. ಅವನು ಹೇಳುವುದು ಆ ಒಂದೇ ಮಾತನ್ನು.