ಆಂಪ್ಲಿಫೈಯರ್ ಹಾಗೇ ಇರಲಿ, ಸ್ಪೀಕರ್ ಕಡೆ ನೋಡಿ

ಓದುಗರ ಪತ್ರ: ನನ್ನ ಹತ್ತಿರ ಹಳೆಯ ಸ್ಟೀರಿಯೊ ಇದೆ. ಆಂಪ್ಲಿಫೈಯರ್, ಸಿ.ಡಿ. ಪ್ಲೇಯರ್, ಟರ್ನ್‌ಟೇಬಲ್, ಒಂದು ಜೊತೆ ಪುಟ್ಟ ಸ್ಪೀಕರ್. ಸ್ಪೀಕರ್‌ಗಳು ಪುಸ್ತಕದ ಕಪಾಟಿನಲ್ಲಿವೆ. ಬೇಸ್ ಗುಂಯ್ ಎನ್ನುತ್ತದೆ, ಹಾಡುವವರ ಮಾತು ಅದರಲ್ಲಿ ಮುಳುಗಿಹೋಗುತ್ತದೆ. ಒಂದೇ ಒಂದು ವಸ್ತು ಬದಲಾಯಿಸುವಷ್ಟು ಹಣ ಕೂಡಿಸಿದ್ದೇನೆ. ಗೆಳೆಯರೆಲ್ಲ ಆಂಪ್ಲಿಫೈಯರ್ ಎನ್ನುತ್ತಿದ್ದಾರೆ. ನೀವೇನಂತೀರಿ?

ಸಂಪಾದಕರ ಉತ್ತರ: ಆಂಪ್ಲಿಫೈಯರ್ ಬೇಡ. ಸ್ಪೀಕರ್ ತಗೊಳ್ಳಿ. ಆದರೆ ಹಣ ಬಿಚ್ಚುವ ಮೊದಲು ಈಗಿರುವ ಸ್ಪೀಕರ್‌ಗಳನ್ನು ಆ ಕಪಾಟಿನಿಂದ ಹೊರಗೆ ತನ್ನಿ.

ನಿಮ್ಮ ಎರಡು ತೊಂದರೆಗಳಿಗೂ ಬೇರು ಒಂದೇ ಅಂತ ನನಗನಿಸುತ್ತದೆ. ಗೋಡೆಯ ಪಕ್ಕ ಇಟ್ಟ ಸ್ಪೀಕರ್‌ನಲ್ಲಿ ಬೇಸ್ ಜಾಸ್ತಿಯಾಗುತ್ತದೆ, ಮೂಲೆಗೆ ಹೋದರೆ ಇನ್ನೂ ಜಾಸ್ತಿ. ಹಿಂಬದಿಯಲ್ಲಿ ಗಾಳಿಯ ತೂತು ಇರುವ ಸ್ಪೀಕರನ್ನು ಕಪಾಟಿನ ಖಾನೆಗೆ ತುರುಕಿದರಂತೂ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳುತ್ತದೆ. ಇದರ ಜೊತೆಗೆ ಕೋಣೆಯೂ ತನ್ನ ಪಾಲು ಸೇರಿಸುತ್ತದೆ. ಎದುರುಬದುರು ಗೋಡೆಗಳ ನಡುವೆ 4 ಮೀಟರ್ ಇದ್ದರೆ ಸುಮಾರು 43 ಹರ್ಟ್ಸ್‌ನಲ್ಲಿ (ಅಂದರೆ ಸೆಕೆಂಡಿಗೆ 43 ಕಂಪನ) ಕೋಣೆಯೇ ದನಿಗೂಡಿಸುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಅಲ್ಲೇ ಪಕ್ಕದಲ್ಲಿ. ಆ ತಂತಿ ಮೀಟಿದಾಗಲೆಲ್ಲ ನಿಮಗೆ ಕೇಳುವುದರಲ್ಲಿ ಕೋಣೆಯ ಸದ್ದೂ ಬೆರೆತಿರುತ್ತದೆ. ಎಂಥ ಆಂಪ್ಲಿಫೈಯರ್ ತಂದು ಕೂರಿಸಿದರೂ ಇದು ಹೋಗುವುದಿಲ್ಲ.

ಹಾಗಾಗಿ ಒಂದು ಗಟ್ಟಿ ಮೇಜೋ ಸ್ಟ್ಯಾಂಡೋ ಹುಡುಕಿ, ಟ್ವೀಟರ್ (ಸ್ಪೀಕರಿನಲ್ಲಿ ಕೀಚಲು ಸ್ವರ ನುಡಿಸುವ ಚಿಕ್ಕ ಭಾಗ) ನಿಮ್ಮ ಕಿವಿಯ ಎತ್ತರಕ್ಕೆ ಬರುವಂತೆ ಸ್ಪೀಕರ್ ಇಡಿ, ಹಿಂದಿನ ಗೋಡೆಯಿಂದ ಅರ್ಧ ಮೀಟರಾದರೂ ಮುಂದೆ ಇರಲಿ, ಎರಡು ಸ್ಪೀಕರ್ ಮತ್ತು ನೀವು ಕೂರುವ ಜಾಗ ಮೂರೂ ಹೆಚ್ಚುಕಡಿಮೆ ಸಮದೂರದಲ್ಲಿರಲಿ. ನಿಮ್ಮ ಕುರ್ಚಿಯೂ ಗೋಡೆಗೆ ಒರಗಿದ್ದರೆ ಅದನ್ನೂ ಮುಂದೆ ಎಳೆಯಿರಿ, ಯಾಕಂದರೆ ಈ ಗುಂಯ್ ಸದ್ದು ಗೋಡೆಯ ಬುಡದಲ್ಲೇ ಅತಿ ಜೋರು. ಮಾತು ನಿಮಗೆ ಬಾಯಿಪಾಠವಿರುವ ಒಂದು ಹಾಡು ಹಾಕಿ. ಗೇಣು ಗೇಣು ಸರಿಸುತ್ತಾ ಕೇಳಿ. ಹಾಡುವವರು ಎರಡೂ ಸ್ಪೀಕರ್‌ಗಳ ನಟ್ಟನಡುವೆ ನಿಂತಂತೆ ಕೇಳಬೇಕು. ನಡುವೆ ಯಾರೂ ಇಲ್ಲದೆ ದನಿ ಕೋಣೆ ತುಂಬ ಚದುರಿದಂತಿದ್ದರೆ ಹಿಂದಿನ ವೈರ್ ನೋಡಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಹೋಗಿದೆಯಾ? ಒಂದು ಕಡೆ ಮಾತ್ರ ಉಲ್ಟಾ ಆಗಿದ್ದರೂ ಹೀಗಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮಾತು ಮಂಕಾಗಿದ್ದರೆ ಹೊಸ ಸ್ಪೀಕರ್‌ಗೆ ಹಣ ಹಾಕಿ. ಕಾರಣ ಸರಳ. ಕೆಟ್ಟಿಲ್ಲದ ಆಂಪ್ಲಿಫೈಯರ್, ಹಳೆಯದಾದರೂ ಸರಿ, ತನ್ನ ಶಕ್ತಿಯ ಮಿತಿಯೊಳಗೆ ದನಿಗೆ ಸೇರಿಸುವ ವಿರೂಪ (ಮೂಲದಲ್ಲಿಲ್ಲದ ಸದ್ದು) ಸಾಮಾನ್ಯವಾಗಿ ಶೇ. 0.1ಕ್ಕಿಂತ ಕಡಿಮೆ. ಸಿ.ಡಿ. ಪ್ಲೇಯರಿನದ್ದು ಅದಕ್ಕಿಂತಲೂ ಕಡಿಮೆ. ಪುಟ್ಟ ಸ್ಪೀಕರ್ ಮಾತ್ರ ಜೋರು ಬೇಸ್‌ನಲ್ಲಿ ಶೇ. 1 ದಾಟುವುದು ಮಾಮೂಲು. ಕರೆಂಟನ್ನು ಕಾಗದದ ಕೋನ್‌ನ ಓಡಾಟವನ್ನಾಗಿ, ಆ ಓಡಾಟವನ್ನು ಗಾಳಿಯ ಅಲೆಯನ್ನಾಗಿ ಮಾಡುವ ಕಷ್ಟದ ಕೆಲಸ ಅದರದ್ದೇ ಅಲ್ವಾ? ಒಂದು ಸ್ಪೀಕರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಯಾರ ಕಿವಿಗಾದರೂ ತಿಳಿಯುವುದು ಅದಕ್ಕೇ.

ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಆಮೇಲೆ ಸ್ಪೀಕರ್ ತಯಾರಿಸುವ ಹಾರ್ಮನ್ ಕಂಪನಿಯಲ್ಲಿ ಧ್ವನಿ ಸಂಶೋಧಕ ಫ್ಲಾಯ್ಡ್ ಟೂಲ್ ವರ್ಷಗಟ್ಟಲೆ ಇದನ್ನೇ ಪರೀಕ್ಷೆ ಮಾಡಿದರು. ಯಾವ ಸ್ಪೀಕರ್ ಅಂತ ಗೊತ್ತಾಗದ ಹಾಗೆ ಕೇಳಿಸಿದಾಗ, ಹೆಚ್ಚಿನವರು ಇಷ್ಟಪಟ್ಟದ್ದು ಕೆಳಗಿನಿಂದ ಮೇಲಿನವರೆಗೆ ಏರುಪೇರಿಲ್ಲದೆ ನುಡಿಯುವ ಸ್ಪೀಕರ್‌ಗಳನ್ನೇ. ಅಂಗಡಿಯಲ್ಲಿ ನೀವೂ ಆದಷ್ಟು ಹೀಗೇ ಕೇಳಿ. ಎರಡನ್ನೂ ಒಂದೇ ವಾಲ್ಯೂಮಿಗೆ ತರಲು ಹೇಳಿ, ಸ್ವಲ್ಪ ಜೋರಾಗಿರುವುದು ಸುಮ್ಸುಮ್ನೆ ಚೆನ್ನಾಗಿ ಕೇಳಿಬಿಡುತ್ತದೆ.

ಇನ್ನೊಂದು ವಾದವಿದೆ. ಟರ್ನ್‌ಟೇಬಲ್ ತಯಾರಿಸುವ ಸ್ಕಾಟ್ಲೆಂಡಿನ ಲಿನ್ ಕಂಪನಿಯ ಐವರ್ ಟೀಫೆನ್‌ಬ್ರನ್ 1970ರ ದಶಕದಿಂದ ಹೇಳಿಕೊಂಡು ಬಂದದ್ದು: ಹಾಡು ಎಲ್ಲಿಂದ ಹೊರಡುತ್ತದೋ ಅಲ್ಲೇ ಹಣ ಹಾಕಿ, ಅಲ್ಲಿ ಕಳೆದುಹೋದದ್ದು ಮುಂದೆ ಸಿಗುವುದಿಲ್ಲ. ಎಲ್‌ಪಿ ರೆಕಾರ್ಡ್‌ಗಳ ಮಟ್ಟಿಗೆ ನಾನು ಇದನ್ನು ಒಪ್ಪುತ್ತೇನೆ. ನೀವು ಹೆಚ್ಚಾಗಿ ಕೇಳುವುದು ರೆಕಾರ್ಡ್‌ಗಳನ್ನೇ ಆದರೆ, ರೆಕಾರ್ಡಿನ ನಡುಭಾಗಕ್ಕೆ ಹತ್ತಿರವಿರುವ ಹಾಡುಗಳಲ್ಲಿ ‘ಸ’ಕಾರ ಕರ್ಕಶವಾಗಿ ಕೇಳುತ್ತಿದ್ದರೆ, ಮೊದಲು ಟರ್ನ್‌ಟೇಬಲಿನ ಮುಳ್ಳು ಬದಲಾಯಿಸಿ. ಸಾಮಾನ್ಯವಾಗಿ ಅದರ ಆಯಸ್ಸು 500ರಿಂದ 1,000 ಗಂಟೆ. ಸವೆದ ಮುಳ್ಳು ರೆಕಾರ್ಡನ್ನೂ ಹಾಳುಮಾಡುತ್ತದೆ. ಸಿ.ಡಿ. ವಿಷಯದಲ್ಲಿ ಮಾತ್ರ ಈ ವಾದ ನಿಲ್ಲುವುದಿಲ್ಲ. ಕೆಲಸ ಮಾಡುವ ಪ್ಲೇಯರನ್ನು ಇಟ್ಟುಕೊಳ್ಳಿ.

ಹಾಗಾದರೆ ಆಂಪ್ಲಿಫೈಯರ್ ಯಾವಾಗ ಬದಲಾಯಿಸಬೇಕು? ವಾಲ್ಯೂಮ್ ಏರಿಸಿದ ಕೂಡಲೇ ದನಿ ಒಡೆದು ಕಿವಿಗೆ ಚುಚ್ಚಿದರೆ, ಅಥವಾ ತಾನಾಗಿ ಬಂದ್ ಆದರೆ, ಅದರ ಶಕ್ತಿ ಸಾಲುತ್ತಿಲ್ಲ ಅಂತ ಅನುಮಾನಪಡಬಹುದು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಹೊಸ ಸ್ಪೀಕರ್ ಆರಿಸುವಾಗ ಮಾತ್ರ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಶಕ್ತಿಗೆ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವುದನ್ನು ನೋಡಿಕೊಳ್ಳಿ. 90 ಡೆಸಿಬೆಲ್‌ನ ಸ್ಪೀಕರಿಗೆ 20 ವ್ಯಾಟ್ ಸಾಕಾಗುವ ಕಡೆ, 84 ಡೆಸಿಬೆಲ್‌ನದ್ದು 80 ವ್ಯಾಟ್ ಕೇಳುತ್ತದೆ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ; ಅದು ಕಡಿಮೆಯಾದಷ್ಟೂ ಆಂಪ್ಲಿಫೈಯರಿಗೆ ಹೊರೆ ಜಾಸ್ತಿ. 4 ಓಮ್‌ನ ಸ್ಪೀಕರನ್ನು ಎಲ್ಲ ಹಳೆಯ ಆಂಪ್ಲಿಫೈಯರ್‌ಗಳೂ ತಡೆದುಕೊಳ್ಳುವುದಿಲ್ಲ. ನಿಮ್ಮ ಆಂಪ್ಲಿಫೈಯರ್ ಎಷ್ಟು ವ್ಯಾಟ್ ಕೊಡುತ್ತದೆ, ಎಷ್ಟು ಓಮ್ ತಡೆದುಕೊಳ್ಳುತ್ತದೆ ಅನ್ನುವುದು ಸಾಮಾನ್ಯವಾಗಿ ಅದರ ಬೆನ್ನ ಮೇಲೋ ಕೈಪಿಡಿಯಲ್ಲೋ ಬರೆದಿರುತ್ತದೆ. ಅದನ್ನೂ, ಕೋಣೆಯ ಉದ್ದ ಅಗಲವನ್ನೂ ಬರೆದು ಕಳಿಸಿ. ಎಂಥ ಸ್ಪೀಕರ್ ಹೊಂದುತ್ತದೆ ಅಂತ ಮುಂದಿನ ಸಂಚಿಕೆಯಲ್ಲಿ ನೋಡೋಣ.